ಹೊಟ್ಟೆಯ ಮಗುವಿಗೊಂದು ಗುಳಿಗೆ, ಮಡಿಲ ಮಗುವಿಗೊಂದು

ನನ್ನ ಕಾಯಿಲೆಗೆ ಎಲ್ಲಕ್ಕಿಂತ ಚೆನ್ನಾಗಿ ನಾಟುವ ಮದ್ದು ಯಾವುದೋ, ಹೊಟ್ಟೆಯಲ್ಲಿರುವ ಮಗುವಿಗೆ ಎಲ್ಲಕ್ಕಿಂತ ಹೆಚ್ಚು ಅಪಾಯದ್ದೂ ಅದೇ. ಹೊಟ್ಟೆಯ ಮಗುವಿಗೆ ಅಷ್ಟೇನೂ ತೊಂದರೆ ಕೊಡದ ಇನ್ನೊಂದು ಮದ್ದು ಉಂಟು. ಮಗು ಹುಟ್ಟಿ, ಅಂಬೆಗಾಲಿಟ್ಟು, ಅಡುಗೆಮನೆಯ ಡಬ್ಬಗಳನ್ನೆಲ್ಲ ಎಳೆದು ಹಾಕುವ ಪ್ರಾಯಕ್ಕೆ ಬಂದಾಗ ಅದೇ ಮದ್ದು ನನ್ನನ್ನು ಮನೆಯವರು ಹೆದರುವ ಹೆಂಗಸನ್ನಾಗಿ ಮಾಡಿತು. ಅಡ್ಡ ಪರಿಣಾಮ ಆಗುವುದು ಗುಳಿಗೆ ನುಂಗಿದವರ ಮೈಗೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ನುಂಗಿದವಳು ತಾಯಿಯಾದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ.

ನನಗಿರುವುದು ಫಿಟ್ಸ್. ಅದರಲ್ಲೂ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂಬ ಬಗೆ. ಹದಿಹರೆಯದಲ್ಲಿ ಶುರುವಾಗುತ್ತದೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲೇ ಭುಜ, ತೋಳು ಝಲ್ಲನೆ ಹಾರುತ್ತವೆ, ಕೈಯಲ್ಲಿದ್ದದ್ದು ಮಾರು ದೂರ ಹೋಗಿ ಬೀಳುತ್ತದೆ. ಪ್ಲಸ್ ಟು ಓದುತ್ತಿದ್ದಾಗ ಚಾದ ಲೋಟ ಎಸೆಯುವ ಹುಡುಗಿ ಎಂದು ಮನೆಯಲ್ಲಿ ಬೈಸಿಕೊಂಡದ್ದೇ ಬೈಸಿಕೊಂಡದ್ದು. ಅದು ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ. ಮೀಯಪದವಿನ ಕಡೆ ಒಂದು ಹರಕೆ ಬಯಲಾಟ. ಬೆಳಕು ಹರಿಯುವವರೆಗೆ ನೋಡಿ, ಕಣ್ಣು ಕೆಂಪು ಮಾಡಿಕೊಂಡು ಬಂದು, ಹಲ್ಲುಜ್ಜಲು ನಿಂತಲ್ಲೇ ಬಿದ್ದೆ. ನಿದ್ದೆಗೆಡುವುದು ಈ ಕಾಯಿಲೆಗೆ ತುಪ್ಪ ಸುರಿದ ಹಾಗೆ ಎಂದು ಡಾಕ್ಟ್ರು ಹೇಳಿದ್ದು ಆಮೇಲೆ. ದೊಡ್ಡಪ್ಪ ಓಡಿಹೋಗಿ ಕಬ್ಬಿಣದ ಬೀಗದ ಕೈ ತಂದು ನನ್ನ ಅಂಗೈಯಲ್ಲಿ ಒತ್ತಿದರಂತೆ, ಫಿಟ್ಸ್ ನಿಂತಿತಂತೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಬೀಗದ ಕೈಗೆ. ಮಾಡಬೇಕಾದ್ದು ಇಷ್ಟೇ: ಬಿದ್ದವರನ್ನು ಒಂದು ಮಗ್ಗುಲಿಗೆ ತಿರುಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು.

ಮಂಗಳೂರಿನ ಡಾಕ್ಟ್ರು ಬರೆದದ್ದು ಸೋಡಿಯಂ ವಾಲ್‌ಪ್ರೊಯೇಟ್. ಈ ರಸಾಯನವನ್ನು ಅಮೆರಿಕದ ಬೆವರ್ಲಿ ಬರ್ಟನ್ 1882ರಲ್ಲೇ ತಯಾರಿಸಿದ್ದ. ಎಂಬತ್ತು ವರ್ಷ ಅದು ಪ್ರಯೋಗಶಾಲೆಗಳಲ್ಲಿ ಬೇರೆ ಔಷಧಗಳನ್ನು ಕರಗಿಸುವ ದ್ರವವಾಗಿಯೇ ಉಳಿಯಿತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯೇರ್ ಎಮಾರ್ ಅದರಲ್ಲಿ ಕರಗಿಸಿ ಪರೀಕ್ಷಿಸಿದ ಮದ್ದುಗಳೆಲ್ಲ ಫಿಟ್ಸ್ ತಡೆಯುವುದನ್ನು ಕಂಡು ತಬ್ಬಿಬ್ಬಾದರು. ಗುಣ ಇದ್ದದ್ದು ಕರಗಿದ್ದರಲ್ಲಿ ಅಲ್ಲ, ಕರಗಿಸಿದ್ದರಲ್ಲಿ. 1967ರಲ್ಲಿ ಅದು ಫ್ರಾನ್ಸಿನ ಮಾರುಕಟ್ಟೆಗೆ ಬಂತು.

ಮಿದುಳಿನ ನರಗಳು ಮಿತಿಮೀರಿ ಕೆರಳದ ಹಾಗೆ ತಡೆಹಿಡಿಯುವ ಗಾಬಾ ಎಂಬ ರಸಾಯನಕ್ಕೆ ವಾಲ್‌ಪ್ರೊಯೇಟ್ ಬಲ ಕೊಡುತ್ತದೆ. ನಮ್ಮದೇ ಮಂಜೇಶ್ವರ ತಾಲೂಕಿನ ಎಣ್ಮಕಜೆಯ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಮಾಡುವುದು ಇದಕ್ಕೆ ತೀರಾ ಉಲ್ಟಾ ಕೆಲಸ: ಗಾಬಾ ಕೆಲಸ ಮಾಡುವ ದಾರಿಯನ್ನೇ ಮುಚ್ಚುವುದು. ಆ ವಿಷ ಬಿದ್ದ ಪಡ್ರೆ ಕಡೆಯ, ಕಾಯಿಲೆಯ ಮಕ್ಕಳನ್ನು ಸಾಕುವ ತಾಯಂದಿರ ಕಥೆ ಬೇರೆ, ಅದನ್ನು ನನ್ನದರ ಜೊತೆ ಸೇರಿಸಲು ನನಗೆ ಹಕ್ಕಿಲ್ಲ. ನನ್ನದು ವಂಶದ ಕಡೆಯಿಂದ ಬಂದದ್ದು. ಆದರೂ ಮೆಡಿಕಲಿನ ಎದುರು ಒಂದೇ ಗುಳಿಗೆಯ ಹೆಸರು ಹೇಳಿಕೊಂಡು ನಿಂತಾಗ ಆ ತಾಯಂದಿರ ನೆನಪು ಬಾರದೆ ಇರುವುದಿಲ್ಲ.

ವಾಲ್‌ಪ್ರೊಯೇಟ್ ನನಗೆ ನಾಟಿತು. ಲೋಟ ಕೈಯಲ್ಲೇ ಉಳಿಯಿತು. ಡಿಗ್ರಿ, ಬಿ.ಎಡ್. ಮುಗಿಸಿದೆ, ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಸಿಕ್ಕಿತು. ತೂಕ ಹೆಚ್ಚಿತು, ಬಾಚಣಿಗೆಗೆ ಕೂದಲು ಮುಷ್ಟಿ ಮುಷ್ಟಿ ಬಂತು, ಕರಿಹಲಗೆಯ ಮೇಲೆ ಬರೆಯುವಾಗ ಬೆರಳು ಸಣ್ಣಗೆ ನಡುಗಿತು. ಆಗ ಅಡ್ಡ ಪರಿಣಾಮ ಎಂದರೆ ನನಗೆ ಇಷ್ಟೇ ಗೊತ್ತಿದ್ದದ್ದು.

ಮದುವೆಯ ಮಾತು ಬಂದಾಗ ಅಜ್ಜಿ "ಗುಳಿಗೆಯ ಸುದ್ದಿ ಎತ್ತುವುದು ಬೇಡ" ಎಂದರು. ಅವರ ಹೆದರಿಕೆಗೆ ಕಾರಣವಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇಪದೇ ಬರುವ ಅಪಸ್ಮಾರ ಮದುವೆಗೇ ಅಡ್ಡಿಯಾಗಿತ್ತು. ಆ ಶಬ್ದವನ್ನು ಕಾನೂನಿನಿಂದ ತೆಗೆದದ್ದು 1999ರಲ್ಲಿ. ಕಾನೂನು ಬಿಟ್ಟರೂ ಊರು ಅಷ್ಟು ಬೇಗ ಬಿಡುವುದಿಲ್ಲ. ನಾನು ಹುಡುಗನಿಗೆ ಮೊದಲೇ ಹೇಳಿದೆ. ಇವರು ಕೇಳಿದ ಮೊದಲ ಪ್ರಶ್ನೆ, "ಬಿದ್ದರೆ ನಾನು ಎಂತ ಮಾಡಬೇಕು?" ಅದಕ್ಕಿಂತ ದೊಡ್ಡ ಒಪ್ಪಿಗೆ ನನಗೆ ಬೇಕಿರಲಿಲ್ಲ.

ಮಗುವಿನ ಯೋಚನೆ ಮಾಡುವ ಮೊದಲೇ ಬಂದು ನನ್ನನ್ನು ಕಾಣಿ ಎಂದು ಡಾಕ್ಟ್ರು ಹೇಳಿಯೇ ಇಟ್ಟಿದ್ದರು. ಬಸುರಾಗಿದೆ ಎಂದು ಗೊತ್ತಾದ ಮೇಲೆ ಓಡಿಬಂದರೆ ಯಾಕೆ ತಡವಾಗುತ್ತದೆ ಎಂದು ವಿವರಿಸಿದರು: ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳ ಆಸುಪಾಸಿನಲ್ಲಿ. ಮುಟ್ಟು ತಪ್ಪಿತೋ ಇಲ್ಲವೋ ಎಂದು ನಾವು ಇನ್ನೂ ಲೆಕ್ಕ ಹಾಕುತ್ತಿರುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ವಾಲ್‌ಪ್ರೊಯೇಟ್ ಕೈಹಾಕುವ ಜಾಗಗಳಲ್ಲಿ ಅದೂ ಒಂದು.

ಈ ವಿಷಯದಲ್ಲಿ ಕೇರಳಕ್ಕೆ ಒಂದು ಹೆಮ್ಮೆಯ ಸ್ಥಾನ ಉಂಟು, ನಮ್ಮ ಕಡೆ ಕೇಳಿದವರು ಕಡಿಮೆ. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಸಂಜೀವ್ ವಿ. ಥಾಮಸ್ 1998ರಲ್ಲಿ 'ಕೇರಳ ರಿಜಿಸ್ಟ್ರಿ ಆಫ್ ಎಪಿಲೆಪ್ಸಿ ಆ್ಯಂಡ್ ಪ್ರೆಗ್ನೆನ್ಸಿ' ಶುರುಮಾಡಿದರು. ಫಿಟ್ಸ್ ಇರುವ ಹೆಂಗಸರ ಹೆಸರನ್ನು ಬಸುರಿಗೆ ಮೊದಲೇ, ಇಲ್ಲವೇ ಮೊದಲ ತಿಂಗಳುಗಳಲ್ಲಿ ಬರೆದುಕೊಂಡು, ಯಾವ ಗುಳಿಗೆ, ಎಷ್ಟು, ಹೆರಿಗೆ ಹೇಗಾಯಿತು, ಮಗುವಿನ ಹೃದಯ ಹೇಗಿದೆ, ಮಾತು ಹೇಗೆ ಬಂತು ಎಂದು ವರ್ಷಗಟ್ಟಲೆ ಬೆನ್ನು ಹಿಡಿದು ನೋಡುವ ಕೆಲಸ ಅದು. ಸಾವಿರಕ್ಕೂ ಹೆಚ್ಚು ಬಸುರಿಯರ ಲೆಕ್ಕ ಅಲ್ಲಿ ಸೇರಿದೆ. ಬಸುರಿಯರ ಮೇಲೆ ಮದ್ದಿನ ಪ್ರಯೋಗ ಮಾಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಹಾಗಾಗಿ ಹೇಗೂ ಗುಳಿಗೆ ತಿನ್ನುತ್ತಿರುವವರ ಅನುಭವವನ್ನು ಒಂದೊಂದಾಗಿ ಬರೆದಿಡುವುದೊಂದೇ ದಾರಿ. ಮಂಜೇಶ್ವರದಿಂದ ತಿರುವನಂತಪುರಕ್ಕೆ ಸುಮಾರು 600 ಕಿಲೋಮೀಟರ್, ಮಂಗಳೂರಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ನಾನು ಅಲ್ಲಿಗೆ ಹೋಗಲಿಲ್ಲ. ಆದರೆ ಯಾರೋ ಕೊಲ್ಲಂನ, ಯಾರೋ ಪಾಲಕ್ಕಾಡಿನ ಹೆಂಗಸರು ಹೇಳಿದ ಲೆಕ್ಕ ಮಂಗಳೂರಿನ ಡಾಕ್ಟ್ರ ಮೇಜಿನ ಮೇಲೆ ನನಗಾಗಿ ಬಂದಿತ್ತು.

ಇಂಥ ಎಷ್ಟೋ ದೇಶಗಳ ದಾಖಲೆಗಳನ್ನು ಒಟ್ಟುಮಾಡಿದ ಯುರಾಪ್ ಎಂಬ ಅಧ್ಯಯನ 2018ರಲ್ಲಿ ಪ್ರಕಟಿಸಿದ ಅಂಕಿಗಳು ಹೀಗಿವೆ. ಬಸುರಿನಲ್ಲಿ ವಾಲ್‌ಪ್ರೊಯೇಟ್ ಒಂದನ್ನೇ ತಿಂದ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ದೊಡ್ಡ ಅಂಗದೋಷ. ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಮ್ ತಿಂದವರಲ್ಲಿ ಸುಮಾರು 3, ಅಂದರೆ ಯಾವ ಗುಳಿಗೆಯನ್ನೂ ತಿನ್ನದವರಿಗೆ ಹೆಚ್ಚುಕಡಿಮೆ ಸಮ. ಪ್ರಮಾಣವೂ ಮುಖ್ಯ. ದಿನಕ್ಕೆ 650 ಮಿಲಿಗ್ರಾಂವರೆಗಿನ ವಾಲ್‌ಪ್ರೊಯೇಟ್ ತಿಂದವರಲ್ಲಿ 6, ಅದಕ್ಕಿಂತ ಮೇಲೆ 1450ರವರೆಗೆ 11, ಅದನ್ನೂ ದಾಟಿದರೆ 25. ನನ್ನದು ಆಗ 1000. ಕಣ್ಣಿಗೆ ಕಾಣುವ ದೋಷ ಇಲ್ಲದ ಮಕ್ಕಳಲ್ಲೂ ಪರಿಣಾಮ ಉಳಿಯುತ್ತದೆ. ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳನ್ನು ಆರು ವರ್ಷದವರೆಗೆ ನೋಡಿದ ಅಧ್ಯಯನ 2013ರಲ್ಲಿ ಬಂತು. ವಾಲ್‌ಪ್ರೊಯೇಟ್ ತಾಯಂದಿರ ಮಕ್ಕಳ ಬುದ್ಧಿಮಟ್ಟದ ಸರಾಸರಿ 97, ಲ್ಯಾಮೋಟ್ರಿಜಿನ್ ತಾಯಂದಿರ ಮಕ್ಕಳದ್ದು 108.

ಬ್ರಿಟನ್ನಿನಲ್ಲಿ ಬ್ಯಾರನೆಸ್ ಕಂಬರ್ಲೆಜ್ ಈ ಮದ್ದಿನ ಬಗ್ಗೆಯೂ ನಡೆಸಿದ ತನಿಖೆಯ ವರದಿ 2020ರ ಜುಲೈಯಲ್ಲಿ ಹೊರಬಂದಾಗ ನಾನು ಓದಿದೆ. ಅಪಾಯದ ಸುಳಿವು ದಶಕಗಳ ಹಿಂದೆಯೇ ಇದ್ದರೂ ಎಷ್ಟೋ ತಾಯಂದಿರಿಗೆ ಯಾರೂ ಅದನ್ನು ಸರಿಯಾಗಿ ಹೇಳಿರಲಿಲ್ಲ. ಫ್ರಾನ್ಸಿನಲ್ಲಿ ಮರೀನ್ ಮಾರ್ಟಿನ್ ಎಂಬ ತಾಯಿ ತನ್ನಿಬ್ಬರು ಮಕ್ಕಳಿಗಾದದ್ದಕ್ಕೆ ಕಾರಣ ಹುಡುಕುತ್ತಾ ಹೋಗಿ, ಅಲ್ಲಿಯ ತಾಯಂದಿರ ಹೋರಾಟವನ್ನೇ ಕಟ್ಟಿದಳು. ಹೆದರಿಸಬಾರದು ಎಂದು ಹೇಳದೆ ಇರುವ ದಯೆ ನನಗೆ ಬೇಡ. ನನ್ನ ಡಾಕ್ಟ್ರು ಆ ಹೊತ್ತಿಗೆ ಸಿಕ್ಕಿದ್ದ ಅಂಕಿಗಳನ್ನು ಒಂದು ಕಾಗದದ ಹಿಂದೆ ಬರೆದು ಕೊಟ್ಟರು. ಆ ಕಾಗದ ಈಗಲೂ ನನ್ನ ಫೈಲಿನಲ್ಲಿದೆ.

"ಹಾಗಾದರೆ ನಾಳೆಯಿಂದಲೇ ನಿಲ್ಲಿಸುತ್ತೇನೆ" ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಫಿಟ್ಸಿನ ಗುಳಿಗೆಯನ್ನು ದಿಢೀರನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು, ನಿಲ್ಲದೆ, ಜೀವಕ್ಕೇ ಕುತ್ತಾಗಬಹುದು. ಬಸುರಿ ಬಿದ್ದರೆ ಹೊಟ್ಟೆಗೂ ಪೆಟ್ಟು, ಮಗುವಿನ ಉಸಿರಿಗೂ ಕೊರತೆ. ಬಸುರಿಯರು ಭಯದಿಂದ ತಾವಾಗಿಯೇ ಗುಳಿಗೆ ಬಿಡುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಅದು ಒಂದು ಅಪಾಯದಿಂದ ಓಡಿ ಇನ್ನೊಂದರ ಬಾಯಿಗೆ ಬೀಳುವ ಕೆಲಸ. ನನಗೆ ಲೆವೆಟಿರಾಸಿಟಮ್ ಏರಿಸುತ್ತಾ, ವಾಲ್‌ಪ್ರೊಯೇಟ್ ಇಳಿಸುತ್ತಾ ತಿಂಗಳುಗಳು ಹೋದವು. ಜೊತೆಗೆ 5 ಮಿಲಿಗ್ರಾಂ ಫೋಲಿಕ್ ಆ್ಯಸಿಡ್. ಬಸುರಾದ ಮೇಲೆ ಮೈ ಈ ಗುಳಿಗೆಯನ್ನು ಬೇಗ ಬೇಗ ಹೊರಹಾಕುತ್ತದೆ, ರಕ್ತದಲ್ಲಿ ಅದರ ಮಟ್ಟ ಕುಸಿಯುತ್ತದೆ. ಆಗ ಪ್ರಮಾಣ ಏರಿಸಿ, ಹೆರಿಗೆಯಾದ ಕೆಲವೇ ವಾರಗಳಲ್ಲಿ ಮತ್ತೆ ಇಳಿಸಿದರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಬೆನ್ನುಹುರಿ, ಹೃದಯ, ತುಟಿ ಎಲ್ಲ ಸರಿ ಇದೆ ಎಂದಾಗ ಸ್ಕ್ಯಾನ್ ಮಾಡುತ್ತಿದ್ದವರ ಕೈ ಹಿಡಿದು ಅತ್ತುಬಿಟ್ಟೆ. 2015ರಲ್ಲಿ ಮಗಳು ಹುಟ್ಟಿದಳು. ಮೊಲೆಹಾಲು ಕೊಡಬಾರದು ಎಂದು ನೆಂಟರಲ್ಲಿ ಒಬ್ಬರು ಹಟ ಹಿಡಿದರು. ಕೊಡಬಹುದು, ಕೊಡಬೇಕು ಎಂದು ಡಾಕ್ಟ್ರು ಹೇಳಿದರು, ಕೊಟ್ಟೆ.

ಬಾಣಂತನದ ವ್ಯವಸ್ಥೆಯನ್ನು ನನ್ನ ಅತ್ತೆಯೇ ನೋಡಿಕೊಂಡರು. ಫಿಟ್ಸ್ ಇರುವ ತಾಯಿ ಮಗುವನ್ನು ಒಬ್ಬಳೇ ನೀರಲ್ಲಿಟ್ಟುಕೊಂಡು ಮೀಯಿಸಬಾರದು, ಎತ್ತರದ ಮಂಚದ ಮೇಲೆ ಬಟ್ಟೆ ಬದಲಿಸಬಾರದು, ನೆಲದಲ್ಲಿ ಚಾಪೆ ಹಾಸಿ ಹಾಲು ಕೊಡಬೇಕು ಎಂದೆಲ್ಲ ವಿದೇಶದ ಪುಸ್ತಕಗಳಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಹೇಗೂ ಹಿರಿಯ ಹೆಂಗಸರು ನೆಲದಲ್ಲಿ ಕುಳಿತು, ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ ಮೀಯಿಸುವುದು. ಬಿದ್ದರೂ ಎತ್ತರದಿಂದ ಬೀಳುವ ಮಾತಿಲ್ಲ. ಬಾವಿಯ ರಾಟೆಯನ್ನು ಬಿಚ್ಚಿ ಪಂಪು ಹಾಕಿಸಿದರು. ಒಲೆಯ ಹತ್ತಿರ ನಾನು ಒಬ್ಬಳೇ ಇರಬಾರದು ಎಂಬ ನಿಯಮ ಬಂತು. ರಾತ್ರಿ ನಡುವೆ ಮಗು ಎದ್ದರೆ ಇವರೇ ಎತ್ತಿಕೊಂಡು, ಹಿಂಡಿಟ್ಟ ಹಾಲು ಕುಡಿಸುವುದು, ನಾನು ನಿದ್ದೆ ಕೆಡಿಸುವ ಹಾಗಿಲ್ಲ. "ಎಂಥ ಸುಖದ ಬಾಣಂತಿ" ಎಂದು ಹೇಳಿ ಹೋದವರಿಗೆ ಇದನ್ನೆಲ್ಲ ವಿವರಿಸುತ್ತಾ ಕೂರಲು ಆಗುತ್ತದೆಯೆ?

ಫಿಟ್ಸ್ ಬರಲಿಲ್ಲ. ಕೂದಲು ತಿರುಗಿ ಬೆಳೆಯಿತು, ತೂಕ ಇಳಿಯಿತು. ಆದರೆ ಸಿಟ್ಟು ಬಂತು.

ಅದನ್ನು ಸಿಟ್ಟು ಎನ್ನಬೇಕೋ ಏನೆನ್ನಬೇಕೋ. ಸಿಟ್ಟಿಗೆ ಒಂದು ಕಾರಣ ಇರುತ್ತದೆ, ಏರುವುದಕ್ಕೂ ಇಳಿಯುವುದಕ್ಕೂ ಒಂದು ಹೊತ್ತು ಇರುತ್ತದೆ. ಇದಕ್ಕೆ ಯಾವುದೂ ಇಲ್ಲ. ಮಗಳು ರಾಗಿ ಮಣ್ಣಿಯ ಬಟ್ಟಲು ಕವುಚಿದರೆ, ಬಾಗಿಲ ಚಿಲಕ ಸದ್ದು ಮಾಡಿದರೆ, ಯಾರಾದರೂ ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಎದೆಯಿಂದ ಬಿಸಿ ಏರಿ ನಾಲಿಗೆಗೆ ಬಂದೇಬಿಡುತ್ತಿತ್ತು. ಆಡುವಾಗಲೇ ಇದು ನನ್ನ ಮಾತಲ್ಲ ಎಂದು ಗೊತ್ತಾಗುತ್ತಿತ್ತು, ತಡೆಯಲು ಆಗುತ್ತಿರಲಿಲ್ಲ. ಶಾಲೆಯಲ್ಲಿ ಹೇಗೋ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ, ಉಳಿದದ್ದೆಲ್ಲ ಮನೆಗೆ. "ಎಂತ ಮಾರಾಯ್ತಿ, ಇವತ್ತು ಗುಳಿಗೆ ತಕ್ಕೊಳ್ಳಲಿಲ್ಲವಾ?" ಎಂದು ಅತ್ತೆ ಮೆಲ್ಲಗೆ ಕೇಳುತ್ತಿದ್ದರು. ತಕ್ಕೊಂಡದ್ದರಿಂದಲೇ ಹೀಗೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ. ನನಗೆ ಹೆಚ್ಚು ಹೆದರಿಕೆಯಾದದ್ದು ಮಗಳಿಂದ. ಮೂರು ವರ್ಷದ ಹುಡುಗಿ ಏನಾದರೂ ಬೇಕೆನಿಸಿದರೆ ಮೊದಲು ನನ್ನ ಮುಖ ನೋಡಿ, ಆಮೇಲೆ ಕೇಳಲು ಕಲಿತಿದ್ದಳು.

ಲೆವೆಟಿರಾಸಿಟಮ್ ಪೊಟ್ಟಣದೊಳಗಿನ ಇಂಗ್ಲಿಷ್ ಕಾಗದದಲ್ಲಿ ಈ ಸಂಗತಿ ಇದೆ, ತಲೆನೋವು, ನೆಗಡಿಗಳ ನಡುವೆ. ಪ್ರಯೋಗಗಳಲ್ಲಿ ಈ ಗುಳಿಗೆ ತಿಂದ ದೊಡ್ಡವರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಸಿಡುಕು, ಕೋಪ, ಖಿನ್ನತೆಯಂಥ ವರ್ತನೆಯ ತೊಂದರೆ ಬಂದಿತ್ತು, ಬರೀ ಸಕ್ಕರೆ ಗುಳಿಗೆ ತಿಂದವರಲ್ಲಿ 6. ಅಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಉಪ್ಪಳದ ಕಡೆಯ ಒಬ್ಬ ತಾಯಿ ನನ್ನಷ್ಟೇ ಪ್ರಮಾಣ ತಿಂದು ದೇವತೆಯ ಹಾಗಿದ್ದಾಳೆ. ಹಾಗಾಗಿ ಇದನ್ನು ಓದಿ ಯಾರೂ ಆ ಗುಳಿಗೆಯನ್ನು ದೂರ ತಳ್ಳಬೇಡಿ. ನನಗೆ ಆಗಲಿಲ್ಲ, ಅಷ್ಟೆ.

ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವಾಗ ಸಿಗುವುದು ಐದು ನಿಮಿಷ. "ಫಿಟ್ಸ್ ಬಂತಾ?" "ಇಲ್ಲ." "ಹಾಗಾದರೆ ಇದೇ ಮುಂದುವರಿಸಿ." ಫಿಟ್ಸ್ ಎಣಿಸುವುದು ಸುಲಭ, ಮಗು ಅಮ್ಮನ ಮುಖ ನೋಡಿ ಮಾತಾಡುವುದನ್ನು ಎಣಿಸುವುದು ಹೇಗೆ? ಸಿಡುಕು ಕಾಯಿಲೆ ಅಲ್ಲ, ಅದು ನನ್ನ ಗುಣದ ದೋಷ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಒಂದು ಸಲ ಇವರು ಜೊತೆಗೆ ಬಂದಿದ್ದರು. ನಾನು "ಇಲ್ಲ" ಎನ್ನುವಷ್ಟರಲ್ಲಿ, "ಡಾಕ್ಟ್ರೇ, ಫಿಟ್ಸ್ ಇಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುವುದಿಲ್ಲ" ಎಂದರು. ಡಾಕ್ಟ್ರು ಪೆನ್ನು ಕೆಳಗಿಟ್ಟರು. ಆ ದಿನ ಹೊರಗೆ ಕಾಯುತ್ತಿದ್ದವರ ಶಾಪ ನಮಗೆ ತಟ್ಟಿರಬಹುದು.

ಮೊದಲು ಬಿ6 ವಿಟಮಿನ್ ಕೊಟ್ಟು ನೋಡಿದರು. ಕೆಲವರಿಗೆ ಅದರಿಂದ ಸಿಡುಕು ತಗ್ಗುತ್ತದಂತೆ, ನನಗೆ ತಗ್ಗಲಿಲ್ಲ. ಆಮೇಲೆ ಲ್ಯಾಮೋಟ್ರಿಜಿನ್. ಅದನ್ನು ಅವಸರದಲ್ಲಿ ಏರಿಸಿದರೆ ಮೈಯೆಲ್ಲ ಕೆಂಪೆದ್ದು ಪ್ರಾಣಕ್ಕೇ ಬರಬಹುದು, ಅದಕ್ಕೆ ವಾರಗಟ್ಟಲೆ ಚೂರು ಚೂರೇ ಏರಿಸಬೇಕು. ಮನಸ್ಸು ತಿಳಿಯಾಯಿತು, ಆದರೆ ಬೆಳಗಿನ ಝಲ್ಲು ತಿರುಗಿ ಬಂತು. ನನ್ನ ಬಗೆಯ ಕಾಯಿಲೆಯಲ್ಲಿ ಕೆಲವರಿಗೆ ಲ್ಯಾಮೋಟ್ರಿಜಿನ್ ಹೀಗೆ ಮಾಡುತ್ತದೆ. ಒಂದು ಬೆಳಿಗ್ಗೆ ಬಿಸಿ ಚಾ ಮಗಳು ಕುಳಿತ ಮಣೆಯ ಪಕ್ಕಕ್ಕೇ ಹಾರಿತು. ಪ್ಲಸ್ ಟು ದಿನಗಳಲ್ಲಿ ಅದು ಒಂದು ಲೋಟದ ನಷ್ಟ. ಈಗ ಹಾಗಲ್ಲ.

ಉಳಿದದ್ದು ಹಳೆಯ ವಾಲ್‌ಪ್ರೊಯೇಟ್. ಇಡೀ ಮಿದುಳಿಗೆ ಹರಡುವ ಬಗೆಯ ಫಿಟ್ಸಿಗೆ ಅದರಷ್ಟು ನಾಟುವ ಮದ್ದು ಇಲ್ಲ ಎಂದು ಬ್ರಿಟನ್ನಿನ ಸನಾಡ್ ಪ್ರಯೋಗಗಳು 2007ರಲ್ಲೂ 2021ರಲ್ಲೂ ತೋರಿಸಿವೆ. ಆದರೆ ಅದನ್ನು ತಿನ್ನುವುದಾದರೆ ಇನ್ನೊಂದು ಮಗುವಿನ ಆಸೆ ಬಿಡಬೇಕು, ಅದೂ ಬಾಯಿಮಾತಿನಲ್ಲಿ ಅಲ್ಲ. ಮಗಳಿಗೆ ಒಬ್ಬ ತಮ್ಮನೋ ತಂಗಿಯೋ ಬೇಕೆಂದು ನನಗೆ ಇತ್ತು, ಅತ್ತೆಗೆ ಇನ್ನೂ ಹೆಚ್ಚು ಇತ್ತು. ಹುಟ್ಟದೆ ಇರುವ ಮಗುವಿಗಾಗಿ ಹುಟ್ಟಿರುವ ಮಗು ಮುಖ ನೋಡಿ ಮಾತಾಡುತ್ತಾ ಬೆಳೆಯಬೇಕೆ ಎಂಬುದು ಪ್ರಶ್ನೆ. ಹೀಗೆ ಕೇಳಿಕೊಂಡ ಮೇಲೆ ಉತ್ತರ ಕಷ್ಟವಾಗಲಿಲ್ಲ. ಆಪರೇಷನ್ ಮಾಡಿಸಿಕೊಂಡದ್ದು ಇವರು. "ಗಂಡಸಿಗೆ ಯಾಕೆ?" ಎಂದು ಅತ್ತೆ ಕೆಲವು ದಿನ ಮಾತು ಬಿಟ್ಟರು. ಹೆಂಗಸಿನ ಆಪರೇಷನ್ನಿಗಿಂತ ಅದು ಚಿಕ್ಕದು, ನನಗೆ ಮತ್ತೆ ಅರಿವಳಿಕೆ, ಹೊಲಿಗೆ ಎಲ್ಲ ಯಾಕೆ ಎಂದು ಇವರೇ ಸಮಾಧಾನ ಹೇಳಿದರು.

ಈಗ ದಿನಕ್ಕೆ 500 ಮಿಲಿಗ್ರಾಂ. ಮತ್ತೆ ದಪ್ಪಗಾಗಿದ್ದೇನೆ, ನೆತ್ತಿ ಕಾಣುತ್ತದೆ, ಹಲಗೆಯ ಮೇಲಿನ ನನ್ನ ಅಕ್ಷರ ನೋಡಿ ಒಂಬತ್ತನೇ ಕ್ಲಾಸಿನವರು ಒಳಗೊಳಗೇ ನಗುತ್ತಾರೆ. ಇವೆಲ್ಲ ನನ್ನ ಮೈಮೇಲೆ ಆಗುವಂಥವು, ನಾನು ಹೊರಬಲ್ಲೆ. ಇದೇ ನಿರ್ಧಾರವನ್ನು 25 ವರ್ಷದ, ಮದುವೆಯಾಗಬೇಕಾದ ಹುಡುಗಿ ಮಾಡಿದರೆ ನಾನೇ ಬೇಡ ಎಂದೇನು. 2021ರ ಬಳಿಕ ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಬ್ರಿವಾರಾಸಿಟಮ್ ನನ್ನ ಕಾಲಕ್ಕೆ ಇದ್ದಿದ್ದರೆ ಅದನ್ನೂ ಒಂದು ಕೈ ನೋಡುತ್ತಿದ್ದೆವೋ ಏನೋ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ನಮ್ಮ ಡಾಕ್ಟ್ರು, ನಮ್ಮ ಮೆಡಿಕಲು, ಹೆರಿಗೆ ಆಸ್ಪತ್ರೆ ಎಲ್ಲ ಆಚೆ, ನಾವು ಈಚೆ. ಆ ದಿನಗಳಲ್ಲಿ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರ ಸುದ್ದಿ ಗಡಿನಾಡಿನವರಿಗೆ ಹೇಳಬೇಕಾಗಿಲ್ಲ. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ಎರಡೂ ರಾಜ್ಯಗಳು ಒಪ್ಪಿ ರೋಗಿಗಳಿಗೆ ದಾರಿ ತೆರೆಯಿತು. ನನ್ನ ಗುಳಿಗೆ ಮುಗಿಯುತ್ತಾ ಬಂದಿತ್ತು. ಇಲ್ಲಿ ಸಿಕ್ಕಿದ್ದು ಅದೇ ಹೆಸರಿನದ್ದು, ಆದರೆ ನಿಧಾನವಾಗಿ ಕರಗುವ ಬಗೆಯದ್ದಲ್ಲ. ಅದನ್ನು ಎಷ್ಟು ಹೊತ್ತಿಗೊಮ್ಮೆ ತಿನ್ನಬೇಕು ಎಂದು ಫೋನಿನಲ್ಲಿ ಕೇಳಿ ಬರೆದುಕೊಂಡೆ. ಅಂದಿನಿಂದ ಒಂದು ತಿಂಗಳ ಗುಳಿಗೆ ಯಾವಾಗಲೂ ಹೆಚ್ಚಿಗೆ ಇಟ್ಟಿರುತ್ತೇನೆ. ಚೀಟಿಯಲ್ಲಿ ಕಂಪೆನಿಯ ಹೆಸರಿನ ಜೊತೆ ಮದ್ದಿನ ಹೆಸರನ್ನೂ ಬರೆಸಿಕೊಳ್ಳುತ್ತೇನೆ.

ಇನ್ನೊಂದು ಅಭ್ಯಾಸವೂ ಉಳಿದಿದೆ. ಡಾಕ್ಟ್ರಲ್ಲಿಗೆ ಹೋಗುವ ಹಿಂದಿನ ರಾತ್ರಿ ಒಂದು ಹಾಳೆ ಮನೆಯೆಲ್ಲ ಸುತ್ತುತ್ತದೆ. ನಿದ್ದೆ ಹೇಗಿತ್ತು, ಕೈ ಹಾರಿತಾ, ಮರೆವು ಉಂಟಾ ಎಂದು ನಾನು ಬರೆಯುತ್ತೇನೆ. ನನಗೆ ತಿಳಿಯದೆ ಆದದ್ದನ್ನು ಇವರು ಬರೆಯುತ್ತಾರೆ. ಅತ್ತೆ ಹೇಳುತ್ತಾರೆ, ಇವರೇ ಬರೆದುಕೊಳ್ಳುತ್ತಾರೆ. ಮಗಳಿಗೆ ಈಗ ಎಲ್ಲ ಗೊತ್ತು, ಮಗ್ಗುಲಿಗೆ ತಿರುಗಿಸಲೂ ಬರುತ್ತದೆ. "ನನಗೂ ಬರುತ್ತದಾ ಅಮ್ಮ?" ಎಂದು ಒಮ್ಮೆ ಕೇಳಿದ್ದಳು. ಬೇರೆ ಮಕ್ಕಳಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ, ಆದರೆ ಬಾರದಿರುವ ಸಾಧ್ಯತೆಯೇ ತುಂಬಾ ದೊಡ್ಡದು ಎಂದು ಇದ್ದದ್ದನ್ನೇ ಹೇಳಿದೆ. ಕಳೆದ ಸಲದ ಹಾಳೆಯಲ್ಲಿ ಅವಳು ತನ್ನ ಪಾಲಿಗೆ ಬರೆದದ್ದನ್ನು ಡಾಕ್ಟ್ರು ಗಟ್ಟಿಯಾಗಿ ಓದಿದರು: "ಅಮ್ಮ ಗಣಿತ ಹೇಳಿಕೊಡುವಾಗ ಮಾತ್ರ ಬೈಯುತ್ತಾರೆ. ಅದು ಗುಳಿಗೆಯಿಂದ ಅಲ್ಲ ಅಂತ ಅಪ್ಪ ಹೇಳಿದ್ದಾರೆ."